ನೀರಾಗ ಜಾರಾಕ ಹೊಂಟೀವ್ರಿ

ಸಣ್ಣ ಮಕ್ಕಳಿರುವ ಮನೆಯಲ್ಲಿ ಯಾವುದೂ ಅಂದುಕೊಂಡ ಹಾಗೆ ನಡೆಯುವುದಿಲ್ಲ. ಅದರಲ್ಲೂ ಪ್ರವಾಸ ಅಂತ ಒಂದು ಮಾತು ಬಾಯಿಂದ ಬಿದ್ದರೆ ಮುಗಿಯಿತು, ಬಸ್ಸು ಹತ್ತುವ ತನಕ ದಿನಾ ಒಂದಿಲ್ಲೊಂದು ನಡೆಯುತ್ತಲೇ ಇರುತ್ತದೆ.

ನಾನು ಕುಷ್ಟಗಿಯಲ್ಲಿ ಸರ್ವೆ ಇಲಾಖೆಯ ಭೂಮಾಪಕ. ಹೊಲ ಅಳೆದು ಗಡಿ ತೋರಿಸುವುದು ನನ್ನ ಕೆಲಸ. ಮನೆಯಲ್ಲಿ ಅವ್ವ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಹೆಂಡತಿ, ಎರಡನೆಯ ಇಯತ್ತೆಯ ಮಗಳು, ಅಂಗನವಾಡಿಗೆ ಹೋಗುವ ಮಗ. ನೀರಿನ ಆಟಗಳಿರುವ ದೊಡ್ಡ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆಂದು ಮಗಳಿಗೆ ಎರಡು ಬೇಸಿಗೆ ಮಾತು ಕೊಟ್ಟು ಎರಡೂ ಸಲ ತಪ್ಪಿದ್ದೆ. ಮೂರನೆಯ ಸಲ ಆಕೆ ಬಾಯಿಮಾತನ್ನು ನಂಬಲಿಲ್ಲ. ತನ್ನ ಕಾಪಿ ಪುಸ್ತಕದಲ್ಲಿ ಬರೆಸಿಕೊಂಡು ಸಹಿ ಮಾಡಿಸಿದಳು. ಸಹಿಯನ್ನು ಒಂದು ಗಳಿಗೆ ನೋಡಿ, "ಆಫೀಸಿನ ಸಿಕ್ಕಾ ಎಲ್ಲಿ?" ಅಂದಳು.

ಮನೆಯ ಮಾತಿಗೆ ಆಫೀಸಿನ ಮೊಹರು ಹೊಡೆಯಲು ಆಗುವುದಿಲ್ಲ ಅಂತ ತಿಳಿಹೇಳಿದೆ. ಆದರೆ ಈ ಸಲ ತಪ್ಪಿದರೆ ಈ ಹುಡುಗಿ ನನ್ನನ್ನು ಮತ್ತೆಂದೂ ನಂಬುವುದಿಲ್ಲ ಅಂತ ನನಗೆ ಆಗಲೇ ಗೊತ್ತಾಯಿತು.

ಅಲ್ಲಿ ಏನೈತಿ?

ವಿಷಯ ಅವ್ವನಿಗೆ ಹೇಳಬೇಕಿತ್ತು. ಅವ್ವ ಈವರೆಗೆ ದೇವರಿಲ್ಲದ ಊರಿಗೆ ಪ್ರವಾಸ ಹೋದವಳಲ್ಲ. ಹೇಮಗುಡ್ಡ ಆಗಿದೆ, ಶ್ರೀಶೈಲ ಆಗಿದೆ. ಹೋದರೆ ಕೈಮುಗಿಯಲು ಏನಾದರೂ ಇರಬೇಕು.

"ಅಲ್ಲಿ ಗುಡಿ ಐತೇನು?" ಅಂದಳು.

"ಇಲ್ಲಬೇ."

"ಹೊಳಿ?"

"ಹೊಳಿ ಇಲ್ಲ. ಅವರೇ ನೀರು ತುಂಬಿಸಿರ್ತಾರ."

"ನಮ್ಮ ಮಂದಿ ಯಾರಾರ ಅದಾರೇನು ಆ ಊರಾಗ?"

"ಯಾರೂ ಇಲ್ಲ."

"ಮತ್ತ ಅಲ್ಲಿ ಹೋಗಿ ಏನು ಮಾಡತೀರಿ?"

ಮೊಬೈಲಿನಲ್ಲಿ ಒಂದು ವಿಡಿಯೋ ಹಚ್ಚಿ ಕೊಟ್ಟೆ. ಎತ್ತರದಿಂದ ಜಾರುವವರು, ಗಿರಗಿರ ತಿರುಗುವವರು, ತಲೆ ಕೆಳಗಾಗಿ ನಿಂತವರು, ಎಲ್ಲರೂ ಬಾಯಿ ತೆರೆದು ಚೀರುತ್ತಿದ್ದರು. ಅವ್ವ ಕನ್ನಡಕ ಏರಿಸಿಕೊಂಡು ಕೊನೆಯ ತನಕ ನೋಡಿದಳು. ಆಮೇಲೆ ಮೊಬೈಲು ತಿರುಗಿ ಕೊಟ್ಟು, "ಇವ್ರು ಒಲ್ಲೆ ಒಲ್ಲೆ ಅಂತ ಇಷ್ಟು ಚೀರಾಕತ್ತಾರ, ಯಾರರ ಕೆಳಗ ಇಳಸಬಾರದ?" ಅಂದಳು.

ರಜೆ

ರಜೆ ಅರ್ಜಿಯಲ್ಲಿ ಕಾರಣ ಬರೆಯಬೇಕಲ್ಲ. ಪಾರ್ಕು ಅಂತ ಬರೆಯಲು ನಾಚಿಕೆಯಾಗಿ 'ಅನಿವಾರ್ಯ ಕೌಟುಂಬಿಕ ಕಾರಣ' ಅಂತ ಬರೆದುಕೊಟ್ಟೆ. ನಮ್ಮ ಸಾಹೇಬರು ಒಳ್ಳೆಯ ಮನುಷ್ಯರು. ಅರ್ಜಿ ಓದಿ ನನ್ನನ್ನು ಒಳಗೆ ಕರೆದರು, ಬಾಗಿಲು ಹಾಕಿಸಿದರು, ಕುರ್ಚಿ ತೋರಿಸಿದರು.

"ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?" ಅಂತ ಮೆತ್ತಗೆ ಕೇಳಿದರು. "ತಾಯಿಯವರು?"

"ಆರಾಮ ಅದಾರ್ರಿ."

"ಹೆಂಡ್ರ ಜೋಡಿ ಏನಾರ...? ನನ್ನ ಮುಂದ ಹೇಳ್ರಿ, ಹೊರಗ ಹೋಗೂದಿಲ್ಲ."

ಅಷ್ಟು ಕಾಳಜಿಯಿಂದ ಕೇಳುವವರ ಮುಂದೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಏನಿಲ್ರೀ ಸರ, ಹುಡುಗರನ್ನ ಕರಕೊಂಡು ನೀರಾಗ ಜಾರಾಕ ಹೊಂಟೀವ್ರಿ" ಅಂದೆ.

ಸಾಹೇಬರು ಪೆನ್ನು ಕೆಳಗಿಟ್ಟರು. ಬೈಯುತ್ತಾರೆ ಅಂತ ನಾನು ತಲೆ ತಗ್ಗಿಸಿದೆ. ಅವರು ಕುರ್ಚಿಯನ್ನು ಸ್ವಲ್ಪ ಮುಂದೆ ಎಳೆದುಕೊಂಡು, "ನಮ್ಮಂಥಾ ದಪ್ಪನ್ನವರು ನಡುವ ಸಿಕ್ಕೊಂಡ್ರ ಏನ ಮಾಡ್ತಾರ, ಅದೊಂದು ನೋಡಿಕೊಂಡು ಬರ್ರಿ" ಅಂದರು.

ರೊಟ್ಟಿ ಊಟ ಹೌದೋ ಅಲ್ಲೋ

ಹೊರಡಲು ವಾರವಿದೆ ಅನ್ನುವಾಗ ಹೆಂಡತಿ ಪಾರ್ಕಿಗೆ ಫೋನ್ ಮಾಡಿದಳು. ಎಲ್ಲರಿಗೂ ಕೇಳಲಿ ಅಂತ ಸ್ಪೀಕರ್ ಹಾಕಿದ್ದಳು. ಆ ಕಡೆಯ ಹುಡುಗಿ ಎಲ್ಲ ಹೇಳಿ ಮುಗಿಸಿ, "ಹೊರಗಿನ ಊಟ ಒಳಗಡೆ ಬಿಡಲ್ಲ ಮೇಡಂ" ಅಂದಳು.

ಅವ್ವ ಆಗಲೇ ಖಡಕ್ ರೊಟ್ಟಿ ಬಡಿದು ಎರಡು ಗಂಟು ಕಟ್ಟಿಟ್ಟಿದ್ದಳು. ಫೋನಿನ ಹತ್ತಿರ ಬಂದು ಬಗ್ಗಿ, "ಊಟ ತರೂದಿಲ್ಲವ್ವಾ, ಬರೇ ರೊಟ್ಟಿ ತರ್ತೀವಿ" ಅಂದಳು.

"ರೊಟ್ಟಿನೂ ಊಟಾನೇ ಅಲ್ವಾ ಅಮ್ಮ?"

"ಅದ್ಹೆಂಗ? ಜೋಡಿ ಪಲ್ಯ ಇದ್ದರ ಊಟ. ಬರೇ ರೊಟ್ಟಿಗೆ ಯಾರು ಊಟ ಅಂತಾರ?"

ಹುಡುಗಿ ತನ್ನ ಮೇಲಿನವರಿಗೆ ಫೋನ್ ಕೊಟ್ಟಳು. ಆತನ ದನಿ ಗಟ್ಟಿಯಾಗಿತ್ತು. "ನೋಡಿ ಅಮ್ಮ, ಔಷಧಿ ಮಾತ್ರ ಬಿಡ್ತೀವಿ. ಊಟ ಇಲ್ಲ."

"ನಂದು ಸಕ್ಕರಿ ಗುಳಿಗಿ ಐತ್ರಿ. ಊಟ ಆದ ಮ್ಯಾಲ ತಗೋಬೇಕು ಅಂದಾರ ಡಾಕ್ಟರು. ನೀವು ಗುಳಿಗಿ ಒಳಗ ಬಿಟ್ಟು ರೊಟ್ಟಿ ಹೊರಗ ನಿಂದರಿಸಿದ್ರ ನಾ ಎಲ್ಲಿ ನಿಂದರಲಿ?"

ಆತ, "ಅಮ್ಮ, ತಮ್ಮದು ಯಾವ ಊರು?" ಅಂತ ಕೇಳಿದ.

"ಕುಷ್ಟಗಿ."

ತಟ್ಟನೆ ದನಿಯೇ ಬದಲಾಯಿತು. "ನಮ್ಮದು ಯಲಬುರ್ಗಾರಿ. ಇಲ್ಲಿ ಬಂದು ಎಂಟು ವರ್ಷ ಆತು, ಒಂದು ಖಡಕ್ ರೊಟ್ಟಿ ಕಂಡಿಲ್ಲ. ಗೇಟಿಗೆ ಬಂದು ನನಗ ಹೇಳಿ ಕಳಸ್ರಿ. ಯಮ್ಮಾ, ಶೇಂಗಾ ಚಟ್ನಿನೂ ಐತ್ಯಾ?"

ಎರಡು ಬೆರಳು

ದೊಡ್ಡ ಜಾರುಬಂಡಿ ಹತ್ತಲು ಮಕ್ಕಳು ಇಂತಿಷ್ಟು ಎತ್ತರ ಇರಬೇಕು, ಅದಕ್ಕೆ ಅಲ್ಲಿ ಅಳತೆಯ ಬೋರ್ಡು ಇದೆ ಅನ್ನುವುದು ಆ ಫೋನಿನಲ್ಲೇ ತಿಳಿದದ್ದು. ಮಗಳು ಓಡಿ ಹೋಗಿ ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತಳು. ನಾನು ಆಫೀಸಿನ ಟೇಪು ತಂದು ಅಳೆದೆ. ಎರಡು ಬೆರಳು ಕಡಿಮೆ.

ಆಕೆ ಅಳಲಿಲ್ಲ. "ಅಪ್ಪಾ, ಇನ್ನೊಮ್ಮೆ ಅಳೀರಿ" ಅಂದಳು ಅಷ್ಟೇ. ನನ್ನ ಹತ್ತಿರ ಬರುವ ರೈತರೂ ಇದೇ ಮಾತು ಅನ್ನುತ್ತಾರೆ. ಅವರಿಗೆ ಗದರಿಸಿ ಹೇಳುವಷ್ಟು ಸುಲಭವಾಗಿ ಇವಳಿಗೆ ಹೇಳಲು ಆಗಲಿಲ್ಲ. ಮರುದಿನ ಬೆಳಿಗ್ಗೆ ಏಳುತ್ತಲೇ ಅಳೆದೆ. ಒಂದೇ ಬೆರಳು ಕಡಿಮೆ. ಮನೆಯಲ್ಲೆಲ್ಲ ಸಂಭ್ರಮ. ಸಂಜೆ ಶಾಲೆಯಿಂದ ಬಂದ ಮೇಲೆ ನೋಡಿದರೆ ಮತ್ತೆ ಎರಡು ಬೆರಳು.

ಹದಿನೈದು ವರ್ಷ ಹೊಲ ಅಳೆದ ನನಗೆ ಇದು ಅವಮಾನ. ಟೇಪು ಹಿಗ್ಗಿರಬೇಕು ಅಂತ ಇನ್ನೊಂದು ಟೇಪು ತಂದೆ. ಚೌಕಟ್ಟಿನ ಬುಡಕ್ಕೆ ಮಟ್ಟ ಹಿಡಿದು ನೋಡಿದೆ. ಮೂರು ದಿನವೂ ಅದೇ ಕತೆ, ಬೆಳಿಗ್ಗೆ ಉದ್ದ, ಸಂಜೆ ಗಿಡ್ಡ. ಕೊನೆಗೆ ಹೆಂಡತಿ ಪಾತ್ರೆ ತೊಳೆಯುತ್ತಲೇ ಹೇಳಿದಳು. "ಎಲ್ಲಾರದೂ ಹಂಗ ಇರ್ತೈತ್ರಿ. ದಿನಾ ನಿಂತು ಕುಂತು ಮಾಡಿದ್ರ ಬೆನ್ನೆಲುಬಿನ ಮಣಿ ನಡುವಿನ ಮೆತ್ತನ್ನ ಗಾದಿ ಒತ್ತಿಕೊಂಡು ತೆಳ್ಳಗ ಆಗ್ತಾವ. ಮಲಕೊಂಡ್ರ ಮತ್ತ ಉಬ್ಬತಾವ. ಬೇಕಾದ್ರ ನಿಮ್ಮನ್ನ ನೀವ ಅಳಕೊಳ್ರಿ."

ಅಳೆದುಕೊಂಡೆ. ನಾನೂ ಸಂಜೆ ಅರ್ಧ ಬೆರಳು ಗಿಡ್ಡ.

ಮಗಳು ಇದನ್ನೆಲ್ಲ ಸುಮ್ಮನೆ ಕೇಳುತ್ತ ನಿಂತಿದ್ದಳು. ರಾತ್ರಿ ಊಟಕ್ಕೆ ಕರೆದರೆ ಚಾಪೆಯ ಮೇಲೆ ನೆಟ್ಟಗೆ ಮಲಗಿದ್ದಾಳೆ. "ಏಳಂಗಿಲ್ಲ" ಅಂದಳು. "ಬಸ್ಸಿಗೂ ಹಿಂಗ ಹೊತಗೊಂಡು ಹೋಗ್ರಿ. ಆ ಬೋರ್ಡಿನ ಮುಂದ ಇಳಸ್ರಿ."

ಭತ್ತದ ರಾಶಿ

ಹೊರಡುವ ಮೊದಲಿನ ಭಾನುವಾರ ಗಂಗಾವತಿ ಕಡೆ ಹೆಂಡತಿಯ ತವರಿಗೆ ಹೋಗಿದ್ದೆವು. ಮಗ ಜಾರುಬಂಡಿಗೆ ಅಂಜುತ್ತಾನೆ ಅಂತ ತಿಳಿದು ಅವನ ಸೋದರಮಾವ ನಕ್ಕ. "ಅಂಜಿಕಿ ನಾ ಬಿಡಸ್ತೀನಿ ಬರ್ರಿ ಮಾವಾರ" ಅಂತ ನನಗೆ ಹೇಳಿ ಎಲ್ಲರನ್ನೂ ಕಣಕ್ಕೆ ಕರೆದುಕೊಂಡು ಹೋದ. ಅಲ್ಲಿ ಭತ್ತದ ರಾಶಿ ಒಂದು ಸಣ್ಣ ಗುಡ್ಡದ ಹಾಗೆ ನಿಂತಿತ್ತು. ಜೋಳ, ತೊಗರಿ, ದಾಳಿಂಬೆಯ ಊರಿನ ನಮ್ಮ ಹುಡುಗ ಭತ್ತದ ರಾಶಿ ನೋಡಿದ್ದೇ ಮೊದಲು.

"ಮಾಮಾ, ಇದು ಎಲ್ಲಿ ಬೆಳೀತೈತಿ?"

"ನೀರಾಗ ಬೆಳೀತೈತಿ. ಮೊಳಕಾಲ ಮಟ್ಟ ನೀರು ನಿಲ್ಲಿಸಿ ಬೆಳೀತೀವಿ."

ಸೋದರಮಾವ ಅವನನ್ನು ರಾಶಿಯ ತುದಿಗೆ ಎತ್ತಿ ಕೂರಿಸಿ ಕೈಬಿಟ್ಟ. ಹುಡುಗ ಸರ್ರನೆ ಕೆಳಗೆ ಬಂದ, ಖುಷಿಯಾದ, ಮತ್ತೆ ಹತ್ತಿದ. ಅಕ್ಕ ತಮ್ಮ ಇಬ್ಬರೂ ಹತ್ತು ಹದಿನೈದು ಸಲ ಜಾರಿದರು. ಮನೆಗೆ ಬರುವ ಹೊತ್ತಿಗೆ ಭತ್ತದ ಸುಂಕು, ಆ ಚುಚ್ಚುವ ದೂಳು, ಮೈಗೆಲ್ಲ ಹತ್ತಿ ಇಬ್ಬರೂ ಕೆರೆದುಕೊಂಡು ಕೆರೆದುಕೊಂಡು ಕೆಂಪಾದರು. ಎರಡು ಸಲ ಸ್ನಾನ ಮಾಡಿಸಿ, ಕೊಬ್ಬರಿ ಎಣ್ಣೆ ತಿಕ್ಕಬೇಕಾಯಿತು.

ಸಂಜೆ ಮಗ ನನ್ನ ತೊಡೆಯ ಮೇಲೆ ಕೂತು, "ಅಪ್ಪಾ, ನಾ ಪಾರ್ಕಿಗೆ ಒಲ್ಲೆ. ಜಾರಿದ್ರ ತುರಸ್ತೈತಿ" ಅಂದ.

"ಅಲ್ಲಿ ಭತ್ತ ಇರೂದಿಲ್ಲೋ. ಬರೇ ನೀರಿರ್ತೈತಿ."

ಅವನು ನನಗೇ ಬುದ್ಧಿ ಹೇಳುವವನ ಹಾಗೆ, "ನೀರಾಗ ಏನು ಬೆಳೀತೈತಿ ನಿನಗ ಗೊತ್ತಿಲ್ಲೇನು?" ಅಂದ.

ಬೋರ್ಡಿನ ಮುಂದೆ

ಅಂತೂ ಹೋದೆವು. ಮಲಗಿ ಹೋಗುವ ಬಸ್ಸು ಹಿಡಿದದ್ದು ಮಗಳ ಸಲುವಾಗಿಯೇ. ಬಸ್ಸಿಳಿದ ಮೇಲೆ ಆಟೋದಲ್ಲಿ ನಮ್ಮ ಮೂವರ ತೊಡೆಯ ಮೇಲೆ ಉದ್ದಕ್ಕೆ ಮಲಗಿ ಬಂದಳು. ಆಟೋದವನು ಕನ್ನಡಿಯಲ್ಲಿ ನೋಡಿ, "ಆಸ್ಪತ್ರೆಗಾ ಸರ್?" ಅಂದ.

ಅಳತೆಯ ಬೋರ್ಡು ಅಂದರೆ ಜಾರುಬಂಡಿಯ ಮೆಟ್ಟಿಲ ಹತ್ತಿರ ಸೊಂಡಿಲು ಚಾಚಿ ನಿಂತ ಒಂದು ಮರದ ಆನೆ. ಮಗುವಿನ ತಲೆ ಸೊಂಡಿಲಿಗೆ ತಾಗಬೇಕು. ನಾನು ಹೆಗಲ ಮೇಲಿಂದ ಮಗಳನ್ನು ಇಳಿಸಿದೆ. ಆಕೆ ಕಣ್ಣು ಮುಚ್ಚಿ, ಉಸಿರು ಹಿಡಿದು, ಆನೆಯ ಕೆಳಗೆ ನಿಂತಳು. ಕಾವಲಿನವನು ಬಗ್ಗಿ ನೋಡಿ, ತಲೆಯ ಮೇಲೆ ಅಂಗೈ ಇಟ್ಟು ನೋಡಿ, "ತಾಗುತ್ತೆ, ಹೋಗಮ್ಮ" ಅಂದ. ಈ ಒಂದು ವಾರದಲ್ಲಿ ಬೆಳೆದಳೋ, ಮಲಗಿ ಬಂದದ್ದು ಫಲಿಸಿತೋ, ಗೊತ್ತಿಲ್ಲ.

ನಾನು ಸುಮ್ಮನಿರಬೇಕಿತ್ತು. ಆದರೆ ಕಾಲು ಮಡಚಿ ಕೂತು, ಆ ಆನೆ ನಿಂತ ನೆಲ ಮಟ್ಟ ಇದೆಯೋ ಇಲ್ಲವೋ ಅಂತ ಒಂದು ಕಣ್ಣು ಮುಚ್ಚಿ ನೋಡತೊಡಗಿದೆ. ಕೆಲಸದ ಚಟ. "ಏನ್ ಹುಡುಕ್ತಿದೀರ ಸರ್?" ಅಂದ ಕಾವಲಿನವನು. ಹೆಂಡತಿ ನನ್ನ ತೋಳು ಜಗ್ಗಿ ಎಬ್ಬಿಸಿ, "ಏನಿಲ್ರಿ, ಅವರ ಮನಃಶಾಂತಿ ಕಳದೈತಿ" ಅಂದಳು.

ಮಗಳು ಮೇಲಿನಿಂದ ಜಾರಿ, ಎರಡು ಸುತ್ತು ತಿರುಗಿ, ಕೆಳಗಿನ ನೀರಿಗೆ ದೊಪ್ಪನೆ ಬಿದ್ದಳು. ಎದ್ದು ನಿಂತು, ಮುಖ ಒರೆಸಿಕೊಂಡು, ಹಿಂದೆ ತಿರುಗಿ ಜಾರುಬಂಡಿಯನ್ನು ನೋಡಿದಳು.

"ಮುಗೀತಾ? ಇಷ್ಟಕ್ಕ ನಾನು ಅಷ್ಟು ದಿನ ಮಲಕೊಂಡೆನಾ?"

ಅಂದವಳೇ ಮತ್ತೆ ಸಾಲಿಗೆ ಓಡಿದಳು. ಆವತ್ತು ಆರು ಸಲ ಜಾರಿದಳು.

ಕಳೆದುಹೋದ ಹುಡುಗ

ಮಧ್ಯಾಹ್ನದ ಮಾತು. ಅವ್ವ ನೀರಿಗೆ ಇಳಿಯದೆ ಚೀಲಗಳನ್ನು ಕಾಯುತ್ತ ನೆರಳಿನಲ್ಲಿ ಕೂತಿದ್ದಳು. ಹೆಂಡತಿ ಇಬ್ಬರು ಮಕ್ಕಳನ್ನೂ ಬಟ್ಟೆ ಬದಲಿಸಲು ಕರೆದುಕೊಂಡು ಹೋದಳು. ನಾನು ಮಾತ್ರ ತೆರೆ ಏಳುವ ಕೊಳದಲ್ಲಿ ಉಳಿದೆ. ಸಮುದ್ರವಿಲ್ಲದೆ ತೆರೆ ಹೇಗೆ ಏಳಿಸುತ್ತಾರೆ ಅನ್ನುವುದನ್ನು ನೋಡಿಯೇ ಹೋಗಬೇಕು ಅಂತ ಹಿಂದಿನ ಗೋಡೆಯ ಹತ್ತಿರ ಇಣುಕುತ್ತಿದ್ದೆ.

ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಒಂದು ಹುಡುಗಿಯ ದನಿ ಬಂತು. "ದಯವಿಟ್ಟು ಗಮನಿಸಿ. ಕುಷ್ಟಗಿಯಿಂದ ಬಂದಿರುವ ಗಂಡುಮಗು ಕಾಣೆಯಾಗಿದೆ."

ಮಗ ಹೆಂಡತಿಯ ಕೈ ಬಿಡಿಸಿಕೊಂಡು ಹೋದನೇ? ನೀರು ತುಳಿಯುತ್ತ ದಂಡೆಯ ಕಡೆ ಓಡತೊಡಗಿದೆ.

"ನೀಲಿ ಚಡ್ಡಿ ಹಾಕಿದೆ. ಎಡ ಮೊಣಕಾಲಿನ ಮೇಲೆ ಸುಟ್ಟ ಕಲೆ ಇದೆ."

ಮಗನಿಗೆ ಸುಟ್ಟ ಕಲೆ ಇಲ್ಲವಲ್ಲ ಅಂದುಕೊಂಡು ನಿಂತೆ. ಬಗ್ಗಿ ನನ್ನ ಎಡ ಮೊಣಕಾಲು ನೋಡಿದೆ. ಚಿಕ್ಕಂದಿನಲ್ಲಿ ಬಚ್ಚಲ ಒಲೆಯ ಕೊಳ್ಳಿ ತಾಗಿ ಆದ ಕಲೆ ಅಲ್ಲೇ ಇತ್ತು. ಪಕ್ಕದಲ್ಲಿದ್ದ ಇಬ್ಬರು ಗಂಡಸರೂ ಬಗ್ಗಿ ನೋಡಿದರು.

"ಮಗುವಿಗೆ ಈಜು ಬರುವುದಿಲ್ಲ. ಗುರುತಿಲ್ಲದವರ ಜೊತೆ ಮಾತಾಡಲು ನಾಚುತ್ತದೆ. ಕಂಡವರು ಕೈಹಿಡಿದು ಕಚೇರಿಗೆ ಕರೆತನ್ನಿ."

ಆ ಇಬ್ಬರಲ್ಲಿ ಒಬ್ಬ ನಿಜವಾಗಿಯೂ ನನ್ನ ಕೈ ಹಿಡಿಯಲು ಬಂದ. ನಾನೇ ಹೋಗುತ್ತೇನೆ ಅಂದೆ.

ಕಚೇರಿಯಲ್ಲಿ ಅವ್ವ ಬಾತುಕೋಳಿ ಚಿತ್ರದ ಸಣ್ಣ ಕುರ್ಚಿಯ ಮೇಲೆ ಕೂತಿದ್ದಳು. ಮುಖ ಬಾಡಿತ್ತು. ನನ್ನನ್ನು ಕಂಡವಳೇ ಎದ್ದು ನನ್ನ ಮಣಿಕಟ್ಟು ಹಿಡಿದುಕೊಂಡಳು. "ನಾಕು ಸಲ ಆ ನೀರು ನೋಡಿ ಬಂದೆ. ಎಲ್ಲಾರ ತಲಿನೂ ಒಂದ ಥರ ಕಾಣ್ತಾವ" ಅಂದಳು. ನಗಬೇಕೆಂದವನಿಗೆ ನಗು ಬರಲಿಲ್ಲ.

ಮೇಜಿನ ಹುಡುಗಿ ಒಮ್ಮೆ ನನ್ನನ್ನು, ಒಮ್ಮೆ ಅವ್ವನನ್ನು ನೋಡಿದಳು. "ಅಜ್ಜಿ, ಇವರೇನಾ ನಿಮ್ಮ ಹುಡುಗ?"

ಅವ್ವ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಹೌದವ್ವಾ. ಬಿಟ್ಟು ಬಂದಾಗ ಅಂಗಿ ಹಾಕ್ಕೊಂಡಿದ್ದ" ಅಂದಳು.

"ವಯಸ್ಸು ಹೇಳಲೇ ಇಲ್ವಲ್ಲ ಅಜ್ಜಿ."

"ನೀ ಕೇಳಲಿಲ್ಲಲ್ಲವ್ವಾ."

ಹುಡುಗಿ ನಗು ತಡೆದುಕೊಂಡು ರಿಜಿಸ್ಟರ್ ಮುಂದಿಟ್ಟಳು. 'ಮಗುವನ್ನು ಪಡೆದುಕೊಂಡವರ ಸಹಿ' ಅಂತ ಬರೆದಿದ್ದ ಕಡೆ ಅವ್ವ ನಿಧಾನವಾಗಿ ತನ್ನ ಹೆಸರು ಬರೆದಳು. ಸಿಕ್ಕ ಮಕ್ಕಳಿಗೆ ಕೊಡುವುದು ಅಲ್ಲಿಯ ಪದ್ಧತಿಯಂತೆ, ಹುಡುಗಿ ಒಂದು ದೊಡ್ಡ ಚಾಕಲೇಟು ನನ್ನ ಕೈಗಿಟ್ಟಳು. ನಾನು ಥ್ಯಾಂಕ್ಸ್ ಹೇಳಿ ತೆಗೆದುಕೊಂಡೆ.

ಅಷ್ಟೊತ್ತಿಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಓಡಿ ಬಂದಳು. ಅವ್ವ ನಡೆದದ್ದನ್ನೆಲ್ಲ ಹೇಳಿದಳು. ಹೆಂಡತಿ ಗೋಡೆ ಹಿಡಿದು ನಕ್ಕಳು. ಮಗ ಮಾತ್ರ ನಗಲಿಲ್ಲ. ನನ್ನ ಕೈಯಲ್ಲಿದ್ದ ಚಾಕಲೇಟು ನೋಡಿದ, ಮೇಜಿನ ಮೇಲಿದ್ದ ಚಾಕಲೇಟಿನ ಡಬ್ಬಿ ನೋಡಿದ, ಆಮೇಲೆ ನನ್ನ ಚಡ್ಡಿ ಜಗ್ಗಿ ಮೆಲ್ಲಗೆ ಕೇಳಿದ:

"ಅಪ್ಪಾ, ನಿಂದು ಆತಲ್ಲ, ಈಗ ನಾ ಕಳದ ಹೋಗ್ಲ್ಯಾ?"