ಬೆನ್ನಿಗೆ ಮಣ್ಣು ಹತ್ತದ ಪೈಲ್ವಾನ್

ಗೋಣೆಪ್ಪ ಹೇಳಿದ್ದು ನಿಜವನ್ನೇ. ಎಡವಟ್ಟಾಗಿದ್ದೂ ಅದರಿಂದಲೇ.

ಬೆಳಗ್ಗೆ ಆನೆಕೊಂಡದ ಅವನ ಮನೆ ಜಗುಲಿಗೆ ನಿಜಲಿಂಗಪ್ಪ ಬಡಾವಣೆಯ ನಾಗಭೂಷಣ್ ಬಂದು ಕೂತಿದ್ದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಕುಸ್ತಿಯ ಚರಿತ್ರೆ ಬರೆಯಲು ಹೊರಟವರು. ತಾವು ಒಂದು ಬಸ್ಕಿಯನ್ನೂ ಹೊಡೆದವರಲ್ಲ. ಅಂದು ಮಧ್ಯಾಹ್ನ ಹರಿಹರದಲ್ಲಿ ಹಳೇ ಪೈಲ್ವಾನರಿಗೂ ಕುಸ್ತಿ ಕಲಿಸಿದ ವಸ್ತಾದರಿಗೂ ಸನ್ಮಾನ. ಪಟ್ಟಿಯಲ್ಲಿ ಒಂದು ಹೆಸರು ಕಡಿಮೆ ಬಿದ್ದಿತ್ತು.

"ಗರಡಿಗೆ ಎಷ್ಟು ವರ್ಷ ಹೋಗಿದ್ರಿ?"

"ಆರು ವರ್ಷ ರೀ."

"ಎಷ್ಟು ಸಲ ಸೋತ್ರಿ?"

"ನನ್ನ ಬೆನ್ನಿಗೆ ಒಂದ್ ಸಲನೂ ಮಣ್ಣು ಹತ್ತಿಲ್ಲ ರೀ."

ಕುಸ್ತಿಯಲ್ಲಿ ಬೆನ್ನಿಗೆ ಮಣ್ಣು ಹತ್ತಿದರೆ ಸೋಲು. ಆದರೆ ಆರು ವರ್ಷ ಗೋಣೆಪ್ಪ ಮಾಡಿದ್ದು ಗರಡಿಯ ಮಣ್ಣು ಅಗೆದು, ಮಜ್ಜಿಗೆ, ಎಣ್ಣೆ ಹಾಕಿ ಹದ ಮಾಡುವ ಕೆಲಸ. ಒಮ್ಮೆಯೂ ಕುಸ್ತಿ ಹಿಡಿದವನಲ್ಲ. ಅದನ್ನೂ ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಹೆಂಡತಿ ತಿಮ್ಮವ್ವ ಚಹಾ ಹಿಡಿದು ಬಂದಳು.

ಲೋಕಿಕೆರೆಯ ಅವಳಪ್ಪ, ಪೈಲ್ವಾನನಿಗೇ ಮಗಳನ್ನು ಕೊಡುವುದೆಂದು ಹಟ ಹಿಡಿದಿದ್ದ ಮನುಷ್ಯ. ಕೈಕಾಲಿಗೆಲ್ಲ ಗರಡಿ ಮಣ್ಣು ಮೆತ್ತಿಕೊಂಡಿದ್ದ ಗೋಣೆಪ್ಪನನ್ನು ನೋಡಿ ಒಪ್ಪಿಬಿಟ್ಟ. ಅವನೂ ಕೇಳಲಿಲ್ಲ, ಇವನೂ ಹೇಳಲಿಲ್ಲ. ಈಗ ಬಾಯಿ ಬಿಟ್ಟರೆ ತಿಮ್ಮವ್ವನ ಎದುರು ಮೂವತ್ತೆಂಟು ವರ್ಷದ ಮರ್ಯಾದೆ ಮಣ್ಣುಪಾಲು.

"ನಂಗ್ಯಾಕ್ರಿ ಸನ್ಮಾನ, ಬ್ಯಾಡ" ಎಂದ.

"ದೊಡ್ಡವ್ರು ಹಿಂಗೇ ಇರ್ತಾರೆ" ಎಂದು ನಾಗಭೂಷಣ್ ಅದನ್ನೂ ಬರೆದುಕೊಂಡರು.

ಸೊಂಟ ನೋವು ಎಂದ. ಪಕ್ಕದ ಮನೆಯವರು ನೋವಿನೆಣ್ಣೆ ತಂದು ತಿಕ್ಕಿದರು, ತಿಕ್ಕಿದ ಮೇಲೆ ನಾಗಭೂಷಣ್ ತಂದಿದ್ದ ಕಾರನ್ನು ತಾವೂ ಹತ್ತಿದರು.

ಹರಿಹರದಲ್ಲಿ ಶಾಲು, ಹಾರ, ಪೇಟ ಎಲ್ಲ ಆಯಿತು. ಮುಂದಿನ ಸಾಲಿನಲ್ಲಿ ತಿಮ್ಮವ್ವ ಬೀಗುತ್ತ ಕೂತಿದ್ದಳು. ಆಗ ನಾಗಭೂಷಣ್, ಇವರ ಕುಸ್ತಿ ನೋಡಿದವರು ಯಾರಾದರೂ ಎರಡು ಮಾತಾಡಬೇಕು ಎಂದರು. ಪೇಟದೊಳಗೆ ಗೋಣೆಪ್ಪನ ತಲೆ ಬೆವರಿತು.

ಪಕ್ಕದ ಕುರ್ಚಿಯಿಂದ ಹರಿಹರದ ನಬೀ ಸಾಬ್ ಎದ್ದರು. ಅವರಿಗೂ ಅಂದೇ ಸನ್ಮಾನ.

"ನೋಡೋದೇನು, ನಾನೇ ಇವ್ರ ಜೋಡಿ ಕುಸ್ತಿ ಹಿಡಿದೀನಿ. ಒಂದು ತಾಸು. ಇವ್ರೂ ಬೀಳಲಿಲ್ಲ, ನಾನೂ ಬೀಳಲಿಲ್ಲ."

ಗೋಣೆಪ್ಪ ಆ ಮುಖವನ್ನು ಹಿಂದೆಂದೂ ಕಂಡಿರಲಿಲ್ಲ. ಆದರೂ ಹೋದ ಜೀವ ಬಂದಂತಾಗಿ ಕೈ ಮುಗಿದ.

ನಾಗಭೂಷಣ್ ಮತ್ತೆ ಮೈಕು ಹಿಡಿದರು. "ಹಂಗಾದ್ರೆ ಆ ಕುಸ್ತಿ ತೀರ್ಮಾನ ಆಗಿಲ್ಲ. ಸಂಜೆ ಪಂದ್ಯಕ್ಕೆ ಅಂತ ಅಖಾಡ ರೆಡಿ ಐತೆ. ಐದೇ ನಿಮಿಷ, ಬರ್ರಿ."

ತಿಮ್ಮವ್ವ ತಾನೇ ಎದ್ದು ಬಂದು ಗಂಡನ ಶಾಲು, ಅಂಗಿ ಇಸಿದುಕೊಂಡು ಮಡಿಚಿದಳು. "ಜಲ್ದಿ ಮುಗಿಸ್ಕಂಡು ಬರ್ರಿ, ಊಟ ಆರತೈತೆ."

ಮಣ್ಣು ಸರಿಯಾಗಿ ಹದವಾಗಿಲ್ಲ ಎಂಬುದು ಗೋಣೆಪ್ಪನಿಗೆ ಕಾಲಿಟ್ಟ ಕೂಡಲೇ ಗೊತ್ತಾಯಿತು. ಅವನಿಗೆ ಗೊತ್ತಿದ್ದದ್ದು ಅದೊಂದೇ. ಇಬ್ಬರೂ ತಲೆಗೆ ತಲೆ ಕೊಟ್ಟು ನಿಂತರು. ನಬೀ ಸಾಬ್ ಕಿವಿಯಲ್ಲಿ ಪಿಸುಗುಟ್ಟಿದರು.

"ಪೈಲ್ವಾನ್ರೆ, ಮಾಫ್ ಮಾಡ್ರಿ. ನಿಮ್ಮಂಥವ್ರ ಹೆಸರು ಹೇಳ್ಕಂಡ್ರೆ ನಂದೂ ನಡೀತೈತೆ ಅಂದ್ಕಂಡೆ. ನಾನು ಗರಡ್ಯಾಗೆ ಪೈಲ್ವಾನ್ರ ಹಾಲಿಗೆ ಬಾದಾಮಿ ರುಬ್ಬತಿದ್ದೋನು. ಒಂಚೂರು ಮೆಲ್ಲಗೆ ಕೆಡವ್ರಿ."

ಗೋಣೆಪ್ಪ ಒಮ್ಮೆ ತಿಮ್ಮವ್ವನ ಕಡೆ ನೋಡಿದ.

"ಕೆಡವ್ತೀನಿ ಸಾಬ್ರೆ. ಹೆಂಗ್ ಕೆಡವೋದು ಅಂತ ಹೇಳ್ರಿ."