ಖಾಲಿ ಗಾಡಿ ತಳ್ಳದ ಅತ್ತೆ

...ಇಲ್ಲ, ನೀಲಿ ಇರಲಾರದು. ಕಂದು ಇರಬೇಕು. ನೀಲಿ ಅಂತ ನನಗೆ ನೆನಪಿರುವುದು ಫೋಟೋದಿಂದ. ಫೋಟೋ ತೆಗೆಯುವ ಹೊತ್ತಿಗೆ ಗಾಡಿಯ ಸೀಟಿಗೆ ಅಕ್ಕನ ಹಳೇ ಲಂಗದ ತೇಪೆ ಬಿದ್ದಾಗಿತ್ತು. ಮೂಲ ಬಣ್ಣ ಯಾವುದೆಂದು ಕೇಳಿದರೆ ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಎಲ್ಲರೂ ಆಣೆ ಮಾಡಿ! ಹಾಗಾಗಿ ಮಗುವನ್ನು ಕೂರಿಸಿ ತಳ್ಳುವ ಆ ಗಾಡಿಯ ಬಗ್ಗೆ ನಾನು ಬರೆಯುವುದನ್ನೆಲ್ಲ ಅರ್ಧ ನಂಬಿದರೆ ಸಾಕು. ಆದರೆ ನಮ್ಮ ಸೋದರತ್ತೆ ಒಂದು ಕಲ್ಲಿಗೆ ಬಸ್ ಟಿಕೆಟ್ ಕೊಂಡರು ಎಂಬುದನ್ನು ಮಾತ್ರ ಪೂರ್ತಿ ನಂಬಬೇಕು. ಟಿಕೆಟ್ಟನ್ನು ನಾನೇ ನೋಡಿದ್ದೇನೆ. ಆ ದಿನ ನಮ್ಮ ಮನೆಯಲ್ಲಿ ಯಾರೂ ನಗುವ ಸ್ಥಿತಿಯಲ್ಲಿರಲಿಲ್ಲ ಎಂಬುದು ಬೇರೆ ಮಾತು.

ಖಾಲಿ ತೊಟ್ಟಿಲು ತೂಗಬಾರದು ಅಂತ ಎಲ್ಲರ ಮನೆಯಲ್ಲೂ ಹೇಳುತ್ತಾರೆ. ನಾಮಕರಣದ ದಿನ ಮಗುವಿಗಿಂತ ಮೊದಲು ಒರಳಿನ ಗುಂಡುಕಲ್ಲಿಗೆ ಕುಂಕುಮ ಇಟ್ಟು, ಗುಂಡಪ್ಪ ಅಂತ ಕರೆದು, ತೊಟ್ಟಿಲಲ್ಲಿ ಮಲಗಿಸುವುದೂ ಉಂಟು. ಉಳಿದವರಿಗೆ ಶಾಸ್ತ್ರ ಅಲ್ಲಿಗೆ ಮುಗಿಯಿತು. ನಮ್ಮತ್ತೆಗೆ ಮುಗಿಯಲಿಲ್ಲ. ಗಾಲಿ ಬಂದ ಮಾತ್ರಕ್ಕೆ ತೊಟ್ಟಿಲು ತೊಟ್ಟಿಲಲ್ಲದೆ ಹೋಗುತ್ತದೆಯೇ? ಕಡೂರಿನಲ್ಲಿ ಅವರ ಮೊಮ್ಮಗ ಆ ಗಾಡಿಯಲ್ಲೇ ಬೆಳೆದ. ಮಗು ಇಲ್ಲದ ಹೊತ್ತಿನಲ್ಲಿ ಅದನ್ನು ಅಂಗಳದಿಂದ ಜಗಲಿಗೆ ಸರಿಸುವುದಿದ್ದರೂ ಗುಂಡಪ್ಪ ಏರಲೇಬೇಕು. ಏರಿ ಏರಿ ಒಂದು ಗಾಲಿ ಮುರಿಯಿತು.

"ಮಗು ಎಷ್ಟು ತೂಕ ಐತಮ್ಮ?" ಅಂದ ರಿಪೇರಿಯವನು, ಗಾಬರಿಯಿಂದ.

"ಅದು ಬೆಳೆಯೋದು ನನ್ನ ಮದ್ವೆಗೆ ಮುಂಚೇನೇ ನಿಲ್ಸೈತೆ ಕಣಪ್ಪ. ನೀನು ಗಾಲಿ ಹಾಕು."

ಅವನು ಹಳೇ ಸೂಟ್‌ಕೇಸಿನ ಗಾಲಿ ಹಾಕಿಕೊಟ್ಟ. ಅಂದಿನಿಂದ ಗಾಡಿ ತಳ್ಳಿದರೆ ಯಾರೋ ಊರಿಗೆ ಹೊರಟಂತೆ ಸದ್ದಾಗುತ್ತದೆ! ಆ ಸದ್ದಿನಲ್ಲೇ ತರೀಕೆರೆಯ ನಮ್ಮಕ್ಕನ ಇಬ್ಬರು ಮಕ್ಕಳೂ ದೊಡ್ಡವರಾದರು.

ಆಮೇಲೆ ಅಜ್ಜಂಪುರದ ನಮ್ಮ ಮನೆಯ ಸರದಿ. ಹೆಂಡತಿಗೆ ಏಳು ತಿಂಗಳು. ಹಿಂದಿನ ಸಲ ಏಳರಲ್ಲೇ ಮಗು ಹೋಗಿಬಿಟ್ಟಿತ್ತು. ಅದಕ್ಕೇ ಈ ಸಲ ಅವಳು ಮನೆಯೊಳಗೆ ಒಂದು ಕುಲಾವಿಯನ್ನೂ ಬಿಟ್ಟುಕೊಂಡಿರಲಿಲ್ಲ. ಅತ್ತೆಗೆ ಫೋನಿನಲ್ಲಿ ಇದನ್ನು ಹೇಳಿದೆ. "ಆಯ್ತು ಬಿಡು" ಅಂದರು. ಮಾರನೆಯ ಬೆಳಿಗ್ಗೆಯೇ ಗುಂಡಪ್ಪನನ್ನು ಚೀಲಕ್ಕೆ ಹಾಕಿ ಕಡೂರಿನಲ್ಲಿ ರೈಲು ಹತ್ತಿ, ತರೀಕೆರೆಯಲ್ಲಿ ಅಕ್ಕನ ಮನೆಯಲ್ಲಿದ್ದ ಗಾಡಿಯಲ್ಲಿ ಅವನನ್ನು ಮಲಗಿಸಿ, ಟೋಪಿ ಹಾಕಿ, ಅಜ್ಜಂಪುರದ ಬಸ್ಸು ಹತ್ತಿದರು.

"ಅಜ್ಜಿ, ಮಗೂನ ಎತ್ಕಳಿ, ಗಾಡಿ ಮಡಿಸ್ತೀನಿ" ಅಂದ ಕಂಡಕ್ಟರ್.

"ಮಗು ಅಲ್ಲ ಕಣಪ್ಪ, ಕಲ್ಲು."

ಅವನು ಟೋಪಿ ಸರಿಸಿ ನೋಡಿದ. "ನಿಮಗೇನೋ ಫ್ರೀ. ಇದು ಗಂಡೋ ಹೆಣ್ಣೋ?"

"ಗುಂಡಪ್ಪ ಅಂತೀವಿ."

"ಹಂಗಾದ್ರೆ ದುಡ್ಡು ತೆಗೀರಿ. ಗಂಡಸರಿಗೆ ಫ್ರೀ ಇಲ್ಲ!"

ಬಸ್ಸಿಗೆ ಬಸ್ಸೇ ನಕ್ಕಿತಂತೆ. ಅತ್ತೆ ನಗದೆ, "ಅರ್ಧ ಟಿಕೆಟ್ ಕೊಡು" ಅಂದರಂತೆ. ಆ ಬಸ್ಸಿನಲ್ಲಿ ನಾನಿರಲಿಲ್ಲ. ಮಾತುಗಳು ಅತ್ತೆಯವು, ಒಂದೆರಡು ನನ್ನವೂ ಸೇರಿಕೊಂಡಿರಬಹುದು.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಾಡಿ ನೋಡಿದವಳೇ, "ಅತ್ತೆ, ಅದನ್ನ ಒಳಗೆ ತರ್ಬೇಡಿ" ಅಂದಳು. ದಾರಿಯುದ್ದಕ್ಕೂ ಎಲ್ಲರ ಬಾಯಿ ಮುಚ್ಚಿಸಿಕೊಂಡು ಬಂದಿದ್ದ ಅತ್ತೆ ಗಾಡಿ ತಿರುಗಿಸಿ ಎದುರಿನ ಹಿಟ್ಟಿನ ಗಿರಣಿಯ ಜಗಲಿಯಲ್ಲಿ ನಿಲ್ಲಿಸಿ ಬಂದು, "ಕಾಫಿ ಕೊಡೇ" ಅಂದರು.

ಕಾಫಿ ಕುಡಿದು ಹೋಗಿದ್ದರೆ ಅವರು ನಮ್ಮತ್ತೆ ಹೇಗಾಗುತ್ತಿದ್ದರು? ಉಳಿದೇಬಿಟ್ಟರು! ದಿನಾ ಬೆಳಿಗ್ಗೆ ಗಿರಣಿಗೆ ಹೋಗಿ, ಗುಂಡಪ್ಪನನ್ನು ರೈಲ್ವೆ ಗೇಟಿನವರೆಗೆ ತಳ್ಳಿಕೊಂಡು ಹೋಗಿ ಬರುವುದು. ಬೀದಿಗೆಲ್ಲ ಪುಕ್ಕಟೆ ತಮಾಷೆ.

"ಗುಂಡಪ್ಪ ಇವತ್ತು ಹಾಲು ಕುಡಿದ್ನಾ ಅಜ್ಜಿ?" ಅಂತ ಗಿರಣಿಯವನು ಕೇಳಿದರೆ, "ಕುಡ್ದ. ನೀನು ಹಿಟ್ಟಿನ ಮುಖ ತೊಳ್ಕೊಂಡು ಬಾ, ಹೆದರ್ಕಂತಾನೆ" ಅನ್ನುವರು.

ನನಗೆ ನಾಚಿಕೆ. "ಸುಮ್ನೆ ನಿಲ್ಸಿರಬಾರದಾ ಅತ್ತೆ?"

"ಲೇ, ನಿಂತ್ರೆ ತುಕ್ಕು ಹಿಡೀತದೆ. ಬಂದಾಗ ಸಲೀಸಾಗಿ ಓಡ್ಬೇಕೋ ಬೇಡ್ವೋ?"

ಮೊದಮೊದಲು ಗಾಲಿಯ ಸದ್ದಿಗೆ ನಮ್ಮ ಮನೆಯ ಬೀದಿ ಕಡೆಯ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಆಮೇಲಾಮೇಲೆ ಮುಚ್ಚುವುದು ನಿಂತಿತು. ನಿಂತದ್ದು ಯಾವತ್ತು? ನಾನು ಗಮನಿಸಲಿಲ್ಲ.

ಎಂಟು ತುಂಬಿದ ಮೇಲೆ ಒಂದು ಬೆಳಿಗ್ಗೆ ಹೆಂಡತಿ ಚಪ್ಪಲಿ ಮೆಟ್ಟಿ ಬೀದಿ ದಾಟಿದಳು. ಅತ್ತೆ ಹಿಡಿಕೆಯ ಅರ್ಧ ಬಿಟ್ಟುಕೊಟ್ಟು ಪಕ್ಕಕ್ಕೆ ಸರಿದರು. ಇಬ್ಬರೂ ಕಲ್ಲು ತಳ್ಳಿಕೊಂಡು ಗೇಟಿನ ಕಡೆ ನಡೆದರು, ನಿಧಾನವಾಗಿ. ಅವಳ ಹೊಟ್ಟೆ ಹಿಡಿಕೆಗೆ ತಾಗುತ್ತಿತ್ತು. ಬರುವಾಗ ಗಿರಣಿಯ ಕಡೆ ತಿರುಗಲಿಲ್ಲ. ಗಾಡಿಯನ್ನು ನಮ್ಮ ಮೆಟ್ಟಿಲ ಮುಂದೆ ನಿಲ್ಲಿಸಿ ಹೆಂಡತಿ, "ನೋಡ್ತಾ ನಿಂತಿದ್ದೀರಲ್ಲ ರೀ, ಎತ್ತಿ ಒಳಗಿಡಿ" ಅಂದಳು.

ಮಗಳಿಗೆ ಈಗ ವರ್ಷ ತುಂಬುತ್ತಾ ಬಂತು. ಗಾಡಿಯಿಂದ ಇಳಿಸಿದರೆ ಬೀದಿಗೆ ಕೇಳುವ ಹಾಗೆ ಕಿರುಚುತ್ತಾಳೆ. ಆ ಬೆಳಿಗ್ಗೆ ಗೇಟಿನವರೆಗೆ ಹೋಗಿ ಬರುವಷ್ಟರಲ್ಲಿ ಅವರಿಬ್ಬರೂ ಏನು ಮಾತಾಡಿಕೊಂಡರು? ಅತ್ತೆಯನ್ನು ಕೇಳಿದರೆ, "ಏನಿಲ್ಲ ಕಣೋ, ಬೆಂಡೇಕಾಯಿ ರೇಟು" ಅನ್ನುತ್ತಾರೆ. ಹೆಂಡತಿಯನ್ನು ಕೇಳಿದರೆ, "ಅತ್ತೆ ಬಾಯೇ ಬಿಡ್ಲಿಲ್ಲ" ಅನ್ನುತ್ತಾಳೆ.

ನನಗೆ ಗೊತ್ತಿಲ್ಲ.