ಗೆದ್ದಲಪ್ಪನ ಒಂಟಿ ಗಾಲಿ

ಎಲ್ಲ ರಾದ್ಧಾಂತಕ್ಕೂ ಮೂಲ ಆರುನೂರ ಹನ್ನೆರಡು ಹೆಜ್ಜೆ. ಕಚೇರಿಯ ದೊಡ್ಡ ಹಾಲ್‌ಗೂ ಹಿಂದಿನ ಹಳೇ ಕಟ್ಟಡದ ದಾಖಲೆ ಕೋಣೆಗೂ ನಡುವಿನ ದೂರ ಅದು. ಕತೆಯ ರಾಕ್ಷಸ ಏಳು ಸಮುದ್ರದಾಚೆ ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ಹಾಗೆ ಈ ಕಚೇರಿ ತನ್ನ ಫೈಲುಗಳನ್ನು ಅಲ್ಲಿ ಬಚ್ಚಿಟ್ಟಿತ್ತು. ರಾಕ್ಷಸನೇ ಎಷ್ಟೋ ವಾಸಿ. ದಿನಕ್ಕೆ ಹದಿನೈದು ಸಲ ಗಿಳಿಯನ್ನು ತಂದು ತೋರಿಸು ಅಂತ ಅವನು ಯಾರನ್ನೂ ಅಟ್ಟುತ್ತಿರಲಿಲ್ಲ.

ಇಲ್ಲಿ ಅಟ್ಟಿಸಿಕೊಳ್ಳುವವನು ಗೆದ್ದಲಪ್ಪ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಹದಿನೆಂಟು ವರ್ಷ ಹಳೇ ಕಾಗದಗಳ ನಡುವೆ ಕೂತದ್ದಕ್ಕೆ ಜೊತೆಯವರು ಪ್ರೀತಿಯಿಂದ ಕೊಟ್ಟ ಬಿರುದು ಇದು. ಬಡ್ತಿ ಕೊಡುವುದಕ್ಕಿಂತ ಬಿರುದು ಕೊಡುವುದು ಸುಲಭ ನೋಡಿ.

ಮೂರು ವರ್ಷದ ಹಿಂದೆ ಅವನೊಂದು ಅರ್ಜಿ ಬರೆದಿದ್ದ. "ಒಂದು ಫೈಲು ಹೊತ್ತು ತರಲು ಹತ್ತು ನಿಮಿಷ ಹಿಡಿಯುತ್ತದೆ. ಆದ್ದರಿಂದ ಹಾಲ್ ಪಕ್ಕದ ಖಾಲಿ ಕೋಣೆಗೆ ದಾಖಲೆಗಳನ್ನು ಸಾಗಿಸಲು ಅಪ್ಪಣೆಯಾಗಬೇಕು." ಅರ್ಜಿ ಮೇಜಿನಿಂದ ಮೇಜಿಗೆ ಅಲೆಯಿತು. ವರ್ಷವಾದರೂ ತೀರ್ಮಾನವಾಗದ ಕಾಗದ ದಾಖಲೆ ಕೋಣೆ ಸೇರಬೇಕೆಂಬ ನಿಯಮದಂತೆ ಕೊನೆಗೆ ಅವನ ಕೈಗೇ ಬಂತು. ಅವನೇ ನಂಬರು ಹಾಕಿ, ಅವನೇ ದಾರ ಬಿಗಿದು, ಅವನೇ ಕಪಾಟಿನ ಮೇಲಿನ ಅರೆಗೆ ಏರಿಸಿದ.

ಅರ್ಜಿಯ ಮೇಲೆ ನಂಬಿಕೆ ಹೋದ ಮನುಷ್ಯ ಇನ್ನೇನು ಮಾಡಿಯಾನು? ಗಾಲಿ ಮಾಡಿದ. ಸೈಕಲ್ ರಿಪೇರಿಯ ಭಾಮೈದನ ಅಂಗಡಿಯಲ್ಲಿ ಇಬ್ಬರೂ ಕೂತು, ಮಕ್ಕಳ ಸೈಕಲ್ಲಿನ ಒಂದು ಗಾಲಿಗೆ ಉದ್ದನೆಯ ಅಚ್ಚು ತೂರಿಸಿ, ಎರಡೂ ಬದಿಗೆ ಪಾದ ಊರಲು ಒಂದೊಂದು ಹಲಗೆ ತೂಗುಹಾಕಿದರು. ಹಲಗೆಗಳು ದಾಖಲೆ ಕೋಣೆಯ ಮುರುಕು ಮೇಜಿನ ಡ್ರಾಯರಿನವು. ಪೆಡಲಿಲ್ಲ, ಚೈನಿಲ್ಲ, ಸೀಟಿಲ್ಲ.

"ಬ್ರೇಕು ಎಲ್ಲಯ್ಯಾ? ಇದನ್ನ ನಿಲ್ಲಿಸೋದು ಹೇಗೆ?"

"ಮೊದಲು ಹೊರಡ್ಲಿ ಭಾವ. ಗೋಡೆ ಸಿಕ್ಕಿದ ಕಡೆ ಅದರ ಪಾಡಿಗೆ ಅದೇ ನಿಲ್ಲುತ್ತೆ."

ಒಂದು ತಿಂಗಳು ಅವನು ದಾಖಲೆ ಕೋಣೆಯ ಎರಡು ಕಪಾಟುಗಳ ಸಂದಿನಲ್ಲಿ ಅಭ್ಯಾಸ ಮಾಡಿದ. ಎಡಗೈ ಎಡದ ಕಪಾಟಿನ ಮೇಲೆ, ಬಲಗೈ ಬಲದ ಕಪಾಟಿನ ಮೇಲೆ. ಹಾಗೆ ಅರೆಯಿಂದ ಅರೆಗೆ ಕೈ ಜಗ್ಗುತ್ತ ಹೋಗುವಾಗ ಅವನು ಹಾರುವ ಕುದುರೆ ಏರಿದ ರಾಜಕುಮಾರನೇ. ಕೈ ಬಿಟ್ಟರೆ ಏನಾಗುತ್ತದೆಂಬುದು ಮಾತ್ರ ಅವನ ಮೊಣಕಾಲಿಗೆ ಗೊತ್ತಿತ್ತು. ಒಂದು ದಿನ ಬೆಳಿಗ್ಗೆ ಆ ಮೊಣಕಾಲು ಹೆಂಡತಿಯ ಕಣ್ಣಿಗೂ ಬಿತ್ತು.

"ಮತ್ತೆ ಬಿದ್ರಾ? ಈ ವಯಸ್ಸಲ್ಲಿ ಎಲ್ಲರಿಗೂ ಹಲ್ಲು ಬೀಳುತ್ತೆ. ನೀವು ಇಡಿಯಾಗಿ ಬೀಳ್ತೀರಲ್ರೀ!"

"ಏಣಿಯಿಂದ ಜಾರಿದೆ ಕಣೇ."

"ಏಣಿ ಹೋದ ವಾರದ್ದು. ಈ ವಾರಕ್ಕೆ ಹೊಸದೇನಾದ್ರೂ ಹೇಳಿ," ಎನ್ನುತ್ತ ಅವಳು ಊದಿದ ಮೊಣಕಾಲಿಗೆ ಮುಲಾಮು ತಿಕ್ಕಿದಳು. ಸಿಟ್ಟನ್ನೂ ಸೇರಿಸಿಯೇ ತಿಕ್ಕಿದಳು.

ಅದೇ ದಿನ ಹನ್ನೊಂದು ಗಂಟೆಗೆ ದಾಖಲೆ ಕೋಣೆಯ ಫೋನು ಬಡಿದುಕೊಂಡಿತು. ಆ ಕಡೆ ಹೆಡ್ ಗುಮಾಸ್ತರು.

"ಅಯ್ಯಾ ಗೆದ್ದಲಪ್ಪ, ನಿನ್ನ ಅದೃಷ್ಟ ಖುಲಾಯಿಸ್ತು! ದೊಡ್ಡ ಸಾಹೇಬರು ತಪಾಸಣೆಗೆ ಬಂದಿದಾರೆ. ಖಾಲಿ ಕೋಣೆ ನೋಡಿ, ಇದ್ಯಾಕೆ ಸುಮ್ನೆ ಬಿದ್ದಿದೆ ಅಂದ್ರು. ನಿನ್ನ ಅರ್ಜಿ ವಿಷಯ ಹೇಳ್ದೆ. ತನ್ನಿ, ಈಗಲೇ ಬರೆದುಬಿಡ್ತೀನಿ ಅಂದ್ರು ಕಣಯ್ಯ!"

ಗೆದ್ದಲಪ್ಪ ಫೋನು ಹಿಡಿದುಕೊಂಡೇ ಎದ್ದು ನಿಂತ. "ತಂದೆ ಸಾರ್, ತಂದೆ!"

"ಹನ್ನೊಂದೂವರೆಗೆ ಅವರ ಕಾರು ಹೊರಡುತ್ತೆ. ಆಮೇಲೆ ಬರೋದು ಇನ್ನು ಮೂರು ವರ್ಷಕ್ಕೆ."

ಊರವರ ಫೈಲನ್ನೆಲ್ಲ ಕಣ್ಣು ಮುಚ್ಚಿ ತೆಗೆಯುವವನಿಗೆ ತನ್ನ ಫೈಲು ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡರೂ ಸಿಗಲಿಲ್ಲ. ಏಣಿ ಹತ್ತಿದ, ಇಳಿದ, ಮತ್ತೆ ಹತ್ತಿದ. ಸಿಕ್ಕಿದಾಗ ಗಡಿಯಾರ ಹನ್ನೊಂದು ಇಪ್ಪತ್ತೈದು ತೋರಿಸುತ್ತಿತ್ತು, ಮೊಣಕಾಲು ನಕ್ಷತ್ರ ತೋರಿಸುತ್ತಿತ್ತು. ಸರಿಯಾದ ಕಾಲಿಗೇ ಹತ್ತು ನಿಮಿಷದ ದಾರಿ. ಮೂಲೆಯಲ್ಲಿ ಒಂಟಿ ಗಾಲಿ, ನನ್ನನ್ನು ಮಾಡಿದ್ದು ಮತ್ಯಾತಕ್ಕೆ ಎಂಬಂತೆ ಒರಗಿ ನಿಂತಿತ್ತು.

ದಾಖಲೆ ಕೋಣೆಯ ಬಾಗಿಲಿಂದ ಹಾಲ್‌ವರೆಗೂ ಮೊಗಸಾಲೆ ನೇರ, ಉದ್ದಕ್ಕೂ ಸಣ್ಣ ಇಳಿಜಾರು. ಬಾಗಿಲಲ್ಲಿ ಮುದಿ ಜವಾನ ಚಹಾ ಹೀರುತ್ತಿದ್ದ. ಟೈಪಿಸ್ಟಮ್ಮ ಯಾವುದೋ ಕಾಗದ ಹುಡುಕುವ ನೆಪದಲ್ಲಿ ಅವನೊಡನೆ ಹರಟುತ್ತಿದ್ದಳು.

"ಇದೇನ್ರೀ ಇದು, ಸೈಕಲ್ಲು ಗರ್ಭದಲ್ಲಿದ್ದಾಗಲೇ ಎತ್ಕೊಂಡ್ ಬಂದ್ರಾ?" ಎಂದಳು ಅವಳು, ಅವನ ಕೈಯ ಗಾಲಿ ನೋಡಿ.

"ನಗೋಕೆ ಹೊತ್ತಿಲ್ಲಮ್ಮ. ಇಬ್ಬರೂ ಒಂದೊಂದು ಕೈ ಹಿಡ್ಕೊಳ್ಳಿ. ನೀವೇ ನನ್ನ ಕಪಾಟುಗಳು."

ಹದಿನೆಂಟು ವರ್ಷದಲ್ಲಿ ಒಂದು ಲೋಟ ನೀರು ಕೊಡದವರಿಗೂ ಉಪದೇಶ ಕೊಡಲು ಬೇಸರವಿಲ್ಲ. "ಕಣ್ಣು ದೂರ ಇಡಿ," ಎಂದಳು ಟೈಪಿಸ್ಟಮ್ಮ. "ಕಾಲು ನೋಡ್ಕೋಪ್ಪ," ಎಂದ ಜವಾನ. "ಬೆನ್ನು ನೆಟ್ಟಗೆ!" "ಸೊಂಟ ಬಗ್ಗಿಸು!" ಗೆದ್ದಲಪ್ಪ ಫೈಲನ್ನು ಬಾಯಲ್ಲಿ ಕಚ್ಚಿ, ಇಬ್ಬರ ಮಾತನ್ನೂ ಒಟ್ಟಿಗೆ ಪಾಲಿಸಲು ನೋಡಿ, ಬಿಸಿಲಿಗಿಟ್ಟ ಹಪ್ಪಳದಂತೆ ಸುರುಟಿಕೊಂಡ. ಗಾಲಿ ಉರುಳಿತು. ಹತ್ತು ಹೆಜ್ಜೆಗೆ ಜವಾನನಿಗೆ ಚಹಾ ನೆನಪಾಯಿತು, ಟೈಪಿಸ್ಟಮ್ಮನಿಗೆ ಚಪ್ಪಲಿ ಜಾರಿತು. ಅವಳು ಹಿಡಿದಿದ್ದಾಳೆಂದು ಅವನು ಬಿಟ್ಟ. ಅವನು ಹಿಡಿದಿದ್ದಾನೆಂದು ಅವಳು ಬಿಟ್ಟಳು. ಆ ಕಚೇರಿಯ ಕೆಲಸಗಳೆಲ್ಲ ನಡೆಯುತ್ತಿದ್ದದ್ದೇ ಹೀಗೆ.

ಗೆದ್ದಲಪ್ಪ ಬೀಳಲಿಲ್ಲ. ಬೀಳಲು ಪುರುಸೊತ್ತೇ ಸಿಗಲಿಲ್ಲ! ಎರಡೂ ಕೈ ಹದ್ದಿನ ರೆಕ್ಕೆಯಾದವು, ಕಣ್ಣು ಕೋಡುಬಳೆಯಷ್ಟು ದುಂಡಗಾದವು, ಗಾಳಿ ಅಂಗಿಯೊಳಗೆ ಹೊಕ್ಕು ಹೊಟ್ಟೆಯ ವಿಚಾರ ವಿಚಾರಿಸಿತು. ಮೊದಲ ಬಾಗಿಲಲ್ಲಿ ನಿಂತಿದ್ದ ಗುಮಾಸ್ತ ಬೆರಗಾಗಿ ಬಾಯಿ ತೆರೆದ. ಬೆರಗು ಅರ್ಧ ಗಳಿಗೆ ಮಾತ್ರ. "ಹಾಲ್‌ಗೆ ಹೋಗ್ತಿದೀಯಾ? ಇದನ್ನೂ ಕೊಟ್ಬಿಡು!" ಎಂದು ಒಂದು ಫೈಲನ್ನು ಅವನ ಎಡ ಕಂಕುಳಿಗೆ ತುರುಕಿದ. ಗಾಲಿ ಎಡಕ್ಕೆ ವಾಲಿತು. ಮುಂದಿನ ಬಾಗಿಲಲ್ಲಿ ಇನ್ನೊಬ್ಬ ಬಲ ಕಂಕುಳಿಗೆ ತುರುಕಿದ. ಗಾಲಿ ನೆಟ್ಟಗಾಯಿತು. ಜನ್ಮದಲ್ಲಿ ಮೊದಲ ಬಾರಿಗೆ ಸಹೋದ್ಯೋಗಿಗಳ ಸೋಮಾರಿತನ ಅವನ ಪ್ರಾಣ ಕಾಪಾಡಿತು.

ಹಾಲ್‌ನಲ್ಲಿ ದೊಡ್ಡ ಸಾಹೇಬರು ಎದ್ದು ನಿಂತಿದ್ದರು. ಆ ಗಳಿಗೆಗೆ ಬಾಗಿಲಿನಿಂದ ಗೆದ್ದಲಪ್ಪ ಪ್ರವೇಶಿಸಿದ. ಸಾಹೇಬರು ಪಕ್ಕಕ್ಕೆ ಸರಿದರು, ಮೇಜು ಸರಿಯಲಿಲ್ಲ. ಭಾಮೈದನ ಮಾತು ನಿಜವಾಯಿತು. ಗಾಲಿ ಅದರ ಪಾಡಿಗೆ ಅದೇ ನಿಂತಿತು. ಗೆದ್ದಲಪ್ಪ ಮಾತ್ರ ಮೇಜು ದಾಟಿ ಸಾಹೇಬರ ಕುರ್ಚಿಯಲ್ಲಿ ಕೂತ.

ಬಾಯಿಂದ ಫೈಲು ತೆಗೆದು ಚಾಚಿದ. "ನನ್ನ ಅರ್ಜಿ... ಸಾರ್."

ಸಾಹೇಬರು ನಗಲೂ ಇಲ್ಲ, ಗದರಲೂ ಇಲ್ಲ. ಹಲ್ಲಿನ ಗುರುತಿನ ಫೈಲನ್ನು ಎರಡು ಬೆರಳಲ್ಲಿ ಬಿಚ್ಚಿ ಓದಿದರು. ಗಡಿಯಾರ ನೋಡಿದರು.

"ಇವರು ಅಲ್ಲಿಂದ ಹೊರಟದ್ದು ಎಷ್ಟೊತ್ತಿಗೆ?"

ಹಿಂದೆಯೇ ಏದುಸಿರು ಬಿಡುತ್ತ ಓಡಿಬಂದ ಟೈಪಿಸ್ಟಮ್ಮ ಉಪಕಾರ ಮಾಡುವ ಉತ್ಸಾಹದಲ್ಲಿ, "ಹನ್ನೊಂದು ಇಪ್ಪತ್ತೇಳಕ್ಕೆ ಸಾರ್! ಎರಡೇ ನಿಮಿಷ! ನಾವೇ ಕಲಿಸಿದ್ದು!" ಎಂದಳು.

"ಶಹಭಾಸ್," ಎಂದರು ಸಾಹೇಬರು. ಪೆನ್ನು ತೆಗೆದು ಅರ್ಜಿಯ ಮೇಲೆ ಬರೆದರು: "ಹತ್ತು ನಿಮಿಷ ಹಿಡಿಯುತ್ತದೆ ಎಂಬುದು ಸುಳ್ಳು. ಎರಡು ನಿಮಿಷ ಸಾಕೆಂದು ಕಣ್ಣಾರೆ ಕಂಡಿದ್ದೇನೆ. ಕೋಣೆ ಬದಲಿಸುವ ಅಗತ್ಯವಿಲ್ಲ. ಅರ್ಜಿ ತಿರಸ್ಕರಿಸಿದೆ."

ಕಾರಿನತ್ತ ನಾಲ್ಕು ಹೆಜ್ಜೆ ಇಟ್ಟವರು ತಿರುಗಿ ಬಂದು, ಗಾಲಿಯ ಹಲಗೆಯ ಮೇಲೆ ಉಳಿದಿದ್ದ ಕಚೇರಿಯ ಮುದ್ರೆ ನೋಡಿ, ಇನ್ನೊಂದು ಹಾಳೆ ಕೇಳಿದರು. ಮೊಗಸಾಲೆಯಲ್ಲಿ ವಾಹನ ಓಡಿಸುವುದು ನಿಷಿದ್ಧ; ಕಚೇರಿಯ ಡ್ರಾಯರಿನಿಂದ ತಯಾರಾದ ಈ ವಸ್ತು ಕಚೇರಿಯ ಸ್ವತ್ತು; ಅದಕ್ಕೆ ನಂಬರು ಹಾಕಿ ದಾಖಲೆ ಕೋಣೆಯಲ್ಲಿ ಬೀಗ ಹಾಕಿಡತಕ್ಕದ್ದು.

ಎರಡು ಆದೇಶಗಳನ್ನು ಕಂಕುಳಲ್ಲೂ ಗಾಲಿಯನ್ನು ಹೆಗಲಲ್ಲೂ ಹೊತ್ತು ಗೆದ್ದಲಪ್ಪ ಏರು ಹತ್ತಿದ. ಮೊಣಕಾಲು ಆರುನೂರ ಹನ್ನೆರಡನ್ನೂ ಒಂದೊಂದಾಗಿ ಎಣಿಸಿತು. ಗಾಲಿಗೆ ನಂಬರು ಹಾಕಿ ಬೀಗ ಜಡಿದ, ಅರ್ಜಿಗೆ ದಾರ ಬಿಗಿದ, ಏಣಿ ಹತ್ತಿ ಮೇಲಿನ ಅರೆಗೆ ಏರಿಸಿದ. ಕೊನೆಯ ಮೆಟ್ಟಿಲು ಇಳಿಯುವಷ್ಟರಲ್ಲಿ ಫೋನು ಬಡಿದುಕೊಂಡಿತು.

"ಅಯ್ಯಾ," ಎಂದರು ಹೆಡ್ ಗುಮಾಸ್ತರು, "ಹೊರಟಿದ್ದ ಸಾಹೇಬರು ಅರ್ಧ ದಾರಿಯಿಂದ ತಿರುಗಿ ಬಂದು ಕಾರಲ್ಲೇ ಕೂತಿದಾರೆ. ಆ ಅರ್ಜಿ ಮೇಲೆ ತಾರೀಖು ಹಾಕೋದು ಮರೆತರಂತೆ. ಬೇಗ ತಗೊಂಡ್ ಬಾ."

"ಸಾರ್, ಗಾಲಿಗೆ ಬೀಗ ಹಾಕಿಬಿಟ್ಟೆನಲ್ಲ..."

"ಅದನ್ಯಾರು ಕೇಳಿದ್ರು? ವಾಹನ ನಿಷಿದ್ಧ. ನಡ್ಕೊಂಡೇ ಬಾ. ಗಾಬರಿಯೇನಿಲ್ಲ, ಎರಡು ನಿಮಿಷ ಪೂರ್ತಿ ಕಾಯ್ತಾರಂತೆ."